ಗಾಜಿಪುರದ ಬಾವಿಯ ಹೂಳು

ತಿಕ್ಕಿದ ಕಡೆಗೇ ಮತ್ತೆ ಮತ್ತೆ ತಿಕ್ಕುತ್ತ ಶಾರದಾಬಾಯಿ ನೀರು ತಿಳಿಯಾಗಿಸುವ ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಯಲ್ಲಿ ಪೂರ್ತಿ ಸವೆಸಿಬಿಟ್ಟಳು. ಉಗುರು ಗಡಿಗೆಗೆ ತಾಗಿ ಕೆರ್ ಅಂದಾಗಲೇ ಕೈ ನಿಂತದ್ದು. ಅತ್ತೆ ಕಸ್ತೂರಿಬಾಯಿ ಬಾವಿಯಿಂದ ಸೇದಿ ತಂದ ಎರೆಮಣ್ಣಿನ ಬಣ್ಣದ ನೀರನ್ನು ಗಡಿಗೆಗೆ ಸುರಿದು ಒಳಗೆ ಹೋದರು. ಇನ್ನು ಮಧ್ಯಾಹ್ನದವರೆಗೆ ಅದನ್ನು ಅಲುಗಿಸುವಂತಿಲ್ಲ. ಗಸಿ ತಳ ಹಿಡಿದ ಮೇಲೆ ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಮೊದಲ ತಂಬಿಗೆಯನ್ನು ಲಿಂಗಪೂಜೆಗೆ ತೆಗೆದಿಡಬೇಕು.

ಸೋಸುವ ಕೆಲಸ ಅವಳದು. ಸೇದುವ ಹಕ್ಕು ಅವಳಿಗಿರಲಿಲ್ಲ. ಹಡೆದವಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾವಿಗೆ ಅರಿಷಿಣ ಕುಂಕುಮ ಏರಿಸಿ, ಗಂಗವ್ವನನ್ನು ಪೂಜಿಸಿ ಮೊದಲ ಕೊಡ ಸೇದುವತನಕ ಹಗ್ಗ ಮುಟ್ಟಬಾರದೆಂಬುದು ಆ ಮನೆಯ ಪದ್ಧತಿ. ಶಾರದಾಬಾಯಿಯ ಕೂಸು ಎಂಟನೆಯ ದಿನಕ್ಕೇ ತೀರಿಕೊಂಡಿತು. ಪೂಜೆ ಹಾಗೇ ಉಳಿಯಿತು. ಅದೇ ತಿಂಗಳು ನೀರು ಕದಡಿತು. ಗಂಗವ್ವ ಮುನಿದಿದ್ದಾಳೆಂದು ಅತ್ತೆ ಓಣಿಗೆಲ್ಲ ಹೇಳಿದರು. ನೀರು ತಿಳಿಯಾಗದಿದ್ದರೆ ಸೊಸೆ ಕಮಲಾಪುರದ ತವರಿನಲ್ಲೇ ಇರಲಿ ಎಂದು ಮಗನ ಕಿವಿಗೂ ಹಾಕಿದರು. ಶಾರದಾಬಾಯಿ ಅತ್ತಿರಲಿಲ್ಲ, ಜಗಳವಾಡಿರಲಿಲ್ಲ. ಕೂಸನ್ನು ಮಣ್ಣು ಮಾಡಿದ ಊರು ಬಿಟ್ಟು ಹೋಗುವುದೊಂದು ಬೇಡವಾಗಿತ್ತು, ಅಷ್ಟೇ.

ಅವಳ ಗಂಡ, ತಹಸೀಲ ಕಚೇರಿಯ ಗುಮಾಸ್ತ ಅಣವೀರಪ್ಪ, ತಾಯಿಗೂ ಹೂಂ, ಹೆಂಡತಿಗೂ ಹೂಂ ಎನ್ನುವ ಆಸಾಮಿ. ಆದರೂ ಈ ಸಲ ಹೆಂಡತಿಯನ್ನು ಕಳಿಸುವ ಬದಲು ಅವಳ ತವರೂರಿನಿಂದ ಹೂಳು ತೆಗೆಯುವ ಖಂಡೆಪ್ಪನನ್ನು ಕರೆಸಿದ.

ಬೆಳಗಿನಿಂದ ಸಂಜೆಯವರೆಗೆ ಬುಟ್ಟಿಗಳು ಮೇಲೆ ಬಂದವು. ಅಂಗಳದಲ್ಲಿ ಕರಿ ರಾಡಿಯ ಗುಡ್ಡೆ ಎದ್ದಿತು. ಅದರಲ್ಲಿ ತೆಂಗಿನ ಚಿಪ್ಪು, ಬಳೆಚೂರು, ಹಿಂದಿನ ಯಾವುದೋ ಬಾಣಂತಿ ಏರಿಸಿದ ಕೊಳೆತ ಖಣ.

ಖಂಡೆಪ್ಪ ಮೇಲೆ ಬಂದು ಮುಖದ ಕೆಸರು ಒರೆಸಿಕೊಂಡ. "ಗಂಗವ್ವ ಮುನಿದಿಲ್ಲರಿ, ಅವ್ವಾರ. ಮೂಡಲ ಕಡಿ ಕಲ್ಲು ಜಾರ್ಯಾವ, ಅಲ್ಲಿಂದ ಮಣ್ಣು ಉದುರಾಕತ್ತದ. ಸಿಟ್ಟು ಮಾಡೂದಿದ್ರ ಬಾವಿ ಕಟ್ಟಿದ ಗೌಂಡಿ ಮ್ಯಾಲ ಮಾಡ್ರಿ."

"ನೀ ಅಕಿ ಊರಾಂವ. ಅಕಿ ಕಡಿನೇ ಮಾತಾಡ್ತಿ," ಎಂದರು ಕಸ್ತೂರಿಬಾಯಿ.

ಅವನು ನಕ್ಕು, ಮರುದಿನ ಕಲ್ಲುಗಳನ್ನು ಕೂರಿಸಿ ಗಚ್ಚು ತುಂಬಿ ಊರಿಗೆ ಹೋದ. ಐದು ದಿನ ನೀರು ಹಾಗೇ ಇತ್ತು. ಆರನೆಯ ಬೆಳಿಗ್ಗೆ ನೀರು ತಿಳಿಯಾಗಿ ಕೊಡದ ತಳ ಕಂಡಿತು. ಅತ್ತೆ ಅದನ್ನು ಕಲ್ಲಿನ ಲೆಕ್ಕಕ್ಕೆ ಹಾಕಲಿಲ್ಲ. ಗಂಗವ್ವ ಒಲಿದಿದ್ದಾಳೆ, ಉಳಿದ ಪೂಜೆಯನ್ನು ಈಗಲೇ ಮುಗಿಸಬೇಕೆಂದು ಮಗನನ್ನು ಒಪ್ಪಿಸಿದರು.

ಶುಕ್ರವಾರ ಬಾವಿಕಟ್ಟೆಯ ಮೇಲೆ ಅರಿಷಿಣ, ಕುಂಕುಮ, ಹೊಸ ಖಣ ಇಟ್ಟಿತ್ತು. ಅತ್ತೆ ಒಳಗಿನಿಂದ ಒರಳಿನ ಗುಂಡಕಲ್ಲನ್ನು ತೊಳೆದು ತಂದರು. ತೊಟ್ಟಿಲ ದಿನ ಕೂಸಿಗಿಂತ ಮೊದಲು ಗುಂಡಕಲ್ಲನ್ನೇ ತೂಗುವ ಜನ ಅವರು. ಕೂಸಿಲ್ಲದ ಮಡಿಲಿಗೂ ಅದೇ ಆದೀತೆಂದುಕೊಂಡಿದ್ದರು. ಕಲ್ಲಿಗೆ ಕೂಸಿನ ತಲೆಗೆ ಕಟ್ಟುವ ಕುಂಚಿಗೆ ತೊಡಿಸಿದ್ದರು. ಬಸುರಿಯಿದ್ದಾಗ ಶಾರದಾಬಾಯಿಯೇ ಹೊಲಿದ ಕುಂಚಿಗೆ. ಅಳತೆ ಸರಿಯಾಗಿದೆ ಎಂದಷ್ಟೇ ಅವಳಿಗೆ ಅನ್ನಿಸಿತು.

"ಉಡ್ಯಾಗ ಇಟಗೊಂಡು ಒಂದು ಕೊಡ ಸೇದಿಬಿಡವ್ವ. ಕಮಲಾಪುರದ ಮಾತು ಇಲ್ಲಿಗೇ ಮುಗೀತು." ಅತ್ತೆಯ ದನಿ ಎಂದಿಗಿಂತ ಮೆತ್ತಗಿತ್ತು. ಕಲ್ಲನ್ನು ಎರಡೂ ಕೈಯಲ್ಲಿ, ತಲೆಗೆ ಅಂಗೈ ಕೊಟ್ಟು ಹಿಡಿದಿದ್ದರು.

ಅಣವೀರಪ್ಪ ಹೊಸ್ತಿಲಲ್ಲಿ ನಿಂತು, ತಗೊಂಡುಬಿಡು ಎಂಬಂತೆ ತಲೆ ಆಡಿಸಿದ.

ಶಾರದಾಬಾಯಿ ಸೆರಗು ಒಡ್ಡಲಿಲ್ಲ.

"ಒಲ್ಲೆರಿ, ಅತ್ತಿ. ಕಲ್ಲು ನನ್ನ ಕೂಸಾಗೂದಿಲ್ಲ."