ಕರಿಜೀರಿಗೆ ಅಂದವನು

ಉಸಿರು ಬಿಟ್ಟಾಗ ಮಾಸ್ಕಿನೊಳಗೆ ಮಂಜು ಕಟ್ಟುತ್ತೆ, ಎಳೆದುಕೊಂಡಾಗ ಕರಗುತ್ತೆ, ಕಟ್ಟುತ್ತೆ, ಕರಗುತ್ತೆ, ಕ್ಷೌರಿಕ ತನ್ನ ಹೆಂಡತಿಯ ಮುಖದಿಂದ ಕಣ್ಣು ಕೀಳಲಾರ, ಡಾಕ್ಟರಮ್ಮ ಅವಳನ್ನೇ ಕೇಳುತ್ತಿದ್ದಾರೆ, ಮೂರು ವಾರದ ಹಿಂದೆ ಬೆಟ್ಟಕ್ಕೆ ಹೋಗಿದ್ರಲ್ಲ, ಉಳ್ಕೊಂಡ ಮನೇಲಿ ಇಲಿ ಇತ್ತಾ, ಹಿಕ್ಕೆ ಏನಾದ್ರೂ, ಇಲಿಯಿಂದ ಬರೋ ವೈರಸ್ಸಾದ್ರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ, ಈಗಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು — ಇಲ್ಲಪ್ಪ, ಅಂತಾಳೆ ಅವಳು, ಇಲಿ ಇದ್ದಿದ್ರೆ ನಾನು ಒಂದು ಗಳಿಗೆ ಇರ್ತಿದ್ನಾ, ಮೂಲೇಲಿ ಯಾರೋ ಕರಿಜೀರಿಗೆ ಚೆಲ್ಲಿದ್ರು ಅಷ್ಟೆ — ಕರಿಜೀರಿಗೆ, ಅಯ್ಯೋ ದೇವರೇ, ಹಾಗಂದವನು ಇವನೇ, ಬೆಟ್ಟದ ಆ ಮರದ ಮನೆಯ ಬಾಗಿಲು ತೆರೆದ ಕೂಡಲೇ ಏನ್ರೀ ಇದು ಕಪ್ಪಗೆ ಅಂದಳು, ಅಂಗಡಿಯ ಮೂಲೆಯಲ್ಲಿ ದಿನಾ ಇಲಿ ಹಿಕ್ಕೆ ನೋಡುವವನಿಗೆ ಗೊತ್ತಾಗದೆ ಇರುತ್ತಾ, ಆದರೆ ಇಲಿ ಅಂದರೆ ಮಂಚ ಹತ್ತಿ ನಿಲ್ಲುವವಳು, ಒಂಬತ್ತು ವರ್ಷ ಮುಂದಿನ ವರ್ಷ ಮುಂದಿನ ವರ್ಷ ಅಂತ ತಳ್ಳಿ ತಳ್ಳಿ ಕೊನೆಗೂ ಸಿಕ್ಕ ನಾಲ್ಕು ದಿನದ ಪ್ರವಾಸ, ಕರಿಜೀರಿಗೆ ಕಣೇ, ಯಾರದೋ ಚೀಲ ಹರಿದಿರಬೇಕು, ಗಿರಾಕಿಗಳಿಗೆ ಬಿಡುವ ಹಾಗೆ ಒಂದು ಬುರುಡೆ ಬಿಟ್ಟ, ಅವಳು ನಂಬಿ ಸೆರಗು ಸಿಕ್ಕಿಸಿ ಪೊರಕೆ ಹಿಡಿದಳು, ಗುಡಿಸಿದ್ದೇ ಗುಡಿಸಿದ್ದು, ಬಿಸಿಲುಕೋಲಿನಲ್ಲಿ ಧೂಳೋ ಧೂಳು, ಕೆಮ್ಮಿದಳು, ನಕ್ಕಳು, ಇವನು ಹೊರಗೆ ಕಾಲು ಚಾಚಿ ಕೂತಿದ್ದ, ಮಹಾರಾಜ.

ಇಲಿ ಓಡಾಡಿದ ಜಾಗ ಒಣದಾಗೇ ಗುಡಿಸಿದ್ರೆ ಕಷ್ಟ, ಧೂಳಿನ ಜೊತೆ ವೈರಸ್ಸೂ ಒಳಗೆ ಹೋಗುತ್ತೆ, ನೀರು ಚಿಮುಕಿಸಿ ಒರೆಸಬೇಕು, ನಿಮ್ಮದು ಜೀರಿಗೆ ತಾನೆ, ಹಾಗಾದ್ರೆ ಬರೀ ನ್ಯುಮೋನಿಯಾ ಇರಬಹುದು, ನಾಳೆವರೆಗೆ ನೋಡೋಣ, ಅಂತಾರೆ ಡಾಕ್ಟರಮ್ಮ — ಇಪ್ಪತ್ತು ವರ್ಷ ಕಂಡಕಂಡವರ ತಲೆಗೆಲ್ಲ ನೀರು ಚಿಮುಕಿಸಿದ ಕೈ ಇದು, ಸ್ಪ್ರೇ ಬಾಟಲಿ ಅವತ್ತೂ ಚೀಲದಲ್ಲೇ ಇತ್ತು, ಥೂ ನನ್ನ ಜನ್ಮಕ್ಕೆ, ನಾಳೆವರೆಗೆ ಅಂತೆ, ಇವಳಿಗೆ ಸಂಜೆವರೆಗಾದರೂ ಉಸಿರಿದೆಯಾ, ಜೀರಿಗೇನೇ ಅಲ್ವೇನ್ರೀ ಅಂತ ಅವಳು ಇವನ ಕಡೆ ತಿರುಗಿದಳು, ಹೇಳೋ ಪಾಪಿ, ಹೇಳಿದರೆ ಇನ್ನು ಯಾವ ಮುಖ ಹೊತ್ತು ಅವಳೆದುರು ನಿಲ್ಲೋದು, ಹೇಳದಿದ್ದರೆ ಎದುರಿಗೆ ಅವಳೇ ಇರೋದಿಲ್ಲ — ಜೀರಿಗೆ ಅಲ್ಲ ಡಾಕ್ಟ್ರೇ, ಇಲಿ ಹಿಕ್ಕೆ, ನಂಗೊತ್ತಿತ್ತು, ಸುಳ್ಳು ಹೇಳಿದೆ, ಅಂದೇಬಿಟ್ಟ, ಡಾಕ್ಟರಮ್ಮನ ಪೆನ್ನು ನಿಂತಿತು, ಆಂಬುಲೆನ್ಸ್ ಕರೀರಿ ಅಂತ ಕೂಗುತ್ತಾ ಹೊರಗೋಡಿದರು, ಅವಳು ಮಾತ್ರ ಇವನ ತೋಳು ತಟ್ಟಿ, ಬಿಡ್ರೀ, ಡಾಕ್ಟ್ರ ಹತ್ರಾನೂ ತಮಾಷೆನಾ, ಅಂತ ನಗಲು ಹೋದಳು, ಉಸಿರು ಸಾಲಲಿಲ್ಲ, ಮಾಸ್ಕಿನಲ್ಲಿ ಮಂಜು ಕಟ್ಟಿತು, ಕರಗಿತು, ಮತ್ತೆ ಕಟ್ಟಬೇಕು, ಈಗ ಕಟ್ಟಬೇಕು, ಕಟ್ಟೇ, ಇನ್ನೊಂದೇ ಒಂದು ಸಲ