ಹಾಲು ಬೇಡವೆಂದ ದಿನ

ರತ್ನಾಬಾಯಿಯ ಹಣೆಗೆ ವಿಭೂತಿ ಹಚ್ಚುತ್ತಿದ್ದ ನೆರೆಮನೆಯ ಭೀಮಮ್ಮ ಕೈ ತಡೆದು ಹಿಂದೆ ನೋಡಿದಳು. ಗೋಡೆಗೆ ಆನಿಸಿ ಕೂರಿಸಿದ್ದ ಹೆಣದ ಮಡಿಲಿಗೆ ಅವಳ ನಾಲ್ಕು ವರ್ಷದ ಮಗಳು ಗುರುಲಿಂಗಿ ತೆವಳುತ್ತ ಬರುತ್ತಿದ್ದಳು.

“ಯಕ್ಕಾ, ಕೂಸಿನ್ನ ಎತ್ಕೋರಿ,” ಎಂದು ಆಕೆ ಸತ್ತವಳ ಅತ್ತೆ ಮಹಾದೇವಮ್ಮನಿಗೆ ಹೇಳಿದಳು.

ಮಹಾದೇವಮ್ಮ ಮೊಮ್ಮಗಳನ್ನು ಎತ್ತಿಕೊಂಡಳು. ಬೆಳಗಿನಿಂದ ಆಕೆಗೆ ಅಳು ಬಂದಿರಲಿಲ್ಲ. ಮಗ, ರತ್ನಾಬಾಯಿಯ ಗಂಡ ಕಲ್ಯಾಣಪ್ಪ, ವಾಡಿ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಹೊರಗೆ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. “ಸಕ್ಕರಿ ಬ್ಯಾನಿ ಇತ್ರಿ. ನಿನ್ನಿ ಸಂಜಿಂದ ಕಣ್ಣೇ ತೆರೀಲಿಲ್ಲ.”

ಶಹಾಬಾದಿನಿಂದ ಡಾಕ್ಟರ್ ಶೌಕತ ಅಲಿ ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು.

*

ಗುರುಲಿಂಗಿ ಹುಟ್ಟಿದ್ದು ಶೌಕತ ಅಲಿಯವರ ದವಾಖಾನೆಯಲ್ಲಿ, ಊರವರು ಮೊದಲ ಸಲ ಓಟು ಹಾಕಿದ ವರ್ಷ. ದುಂಡಗಿನ ಕೂಸು. ಆದರೆ ಸ್ವಲ್ಪ ಹೊತ್ತಿಗೇ ಕೈಕಾಲು ನಡುಗತೊಡಗಿದವು.

“ತಾಯಿಗಿ ಸಕ್ಕರಿ ಜಾಸ್ತಿ ಇದ್ರ, ಹುಟ್ಟಿದ ಮ್ಯಾಲ ಕೂಸಿಗಿ ಒಮ್ಮೆಲೆ ಕಮ್ಮಿ ಆಗ್ತದ,” ಎಂದು ಡಾಕ್ಟರು ಹಿಮ್ಮಡಿಯಿಂದ ರಕ್ತ ತೆಗೆದು ತಪಾಸಣೆ ಮಾಡಿಸಿದರು. ಆಮೇಲೆ ಬಂದು, “ಸಕ್ಕರಿ ಸರಿ ಅದ. ಬ್ಯಾರೆ ಏನೋ ಕಾರಣ ಇರಬೇಕು, ನೋಡೋಣ,” ಎಂದರು. ಗ್ಲೂಕೋಸ್ ಕೊಡಲಿಲ್ಲ.

ರತ್ನಾಬಾಯಿ ಕೈ ಚಾಚಿದಳು. “ಅತ್ತೀ, ಕೂಸಿನ್ನ ಇತ್ಲಾಗ ಕೊಡ್ರಿ. ಒಂದೀಟು ಹಾಲು ಕುಡಸ್ತೀನಿ.”

“ಸುಮ್ನಿರು. ನಿನ್ನ ಹಾಲಿನ್ಯಾಗೂ ಬ್ಯಾನಿ ಇರ್ತದ. ಸರಿ ಅದ ಅಂತ ಡಾಕ್ಟರೇ ಹೇಳ್ಯಾರಲ್ಲ, ಏನವಸರ?”

ರತ್ನಾಬಾಯಿ ಎದುರಾಡುವವಳಲ್ಲ. ಕೈ ಹಿಂದಕ್ಕೆ ಎಳೆದುಕೊಂಡಳು.

ಇಳಿಹೊತ್ತಿಗೆ ಕೂಸು ಸೆಟೆದು ಕಣ್ಣು ಮೇಲಕ್ಕೆ ಮಾಡಿತು. ಡಾಕ್ಟರು ಓಡಿಬಂದು, ತಪಾಸಣೆಯ ಮಾತು ಬಿಟ್ಟು, ಗ್ಲೂಕೋಸ್ ಏರಿಸಿದರು. ನಡುಕ ನಿಂತಿತು. ಕೂಸು ಉಳಿಯಿತು. ಅದಕ್ಕೆ ನಡಿಗೆ ಮಾತ್ರ ಬರಲಿಲ್ಲ, ಮಾತೂ ಬರಲಿಲ್ಲ.

ಅಂದಿನಿಂದ ರತ್ನಾಬಾಯಿ ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಲಿಲ್ಲ. ಮಗಳಿಗೆ ಎದೆಹಾಲು ಬಿಡಿಸಲಿಲ್ಲ. ಓಣಿಯ ಹೆಂಗಸರು ನಕ್ಕರು. ಅವಳು ಕುಡಿಸುತ್ತಲೇ ಇದ್ದಳು.

*

ಹೊರಗೆ ಹೆಣವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಮಹಾದೇವಮ್ಮ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು.

“ಡಾಕ್ಟರ್ ಸಾಬ್ರೇ, ಅವತ್ತ ಹಾಲು ಕುಡಿಸಿದ್ರ ಇದು ನಡೀತಿತ್ತೇನ್ರಿ?”

ಶೌಕತ ಅಲಿ ಕೂಸಿನ ಜೋಲುವ ಕಾಲುಗಳನ್ನು ನೋಡಿದರು. “ಆ ತಪಾಸಣಿ ಸರಿ ಇರಲಿಲ್ಲಮ್ಮಾ, ಕೂಸಿಗಿ ಖರೇನೇ ಸಕ್ಕರಿ ಕಮ್ಮಿ ಇತ್ತು. ರಕ್ತದಾಗ ಸಕ್ಕರಿ ಅಲ್ಲದ್ದನ್ನೂ ಅದು ಸಕ್ಕರಿ ಅಂತ ತೋರಸ್ತದ. ದೊಡ್ಡೋರಿಗಿ ನಡೀತದ. ಹಸಿಗೂಸಿಗಿ ಅಷ್ಟು ಫರಕ ಭಾಳ ಆಗ್ತದ. ಹಾಲು ಕುಡಿಸಿದ್ರ... ನಡೀತಿತ್ತೋ ಏನೋ. ಖಾತ್ರಿ ಹೇಳ್ಲಿಕ್ಕ ಬರಲ್ಲ.”

“ಆಕಿಗಿ ಇದು ಗೊತ್ತಿತ್ತೇನ್ರಿ?”

“ಹ್ವಾದ ವರ್ಷ ಕೇಳಿದ್ರು, ಹೇಳಿದ್ದೆ. ‘ನಮ್ಮ ಅತ್ತಿಗಿ ಹೇಳಬ್ಯಾಡ್ರಿ’ ಅಂದ್ರು.”

ಹೋದ ವರ್ಷವೆಲ್ಲ ಸೊಸೆ ಬಿಸಿರೊಟ್ಟಿ ಮೊದಲು ಅತ್ತೆಗೇ ಹಾಕಿದ್ದಳು. ನಿನ್ನೆ ಮಧ್ಯಾಹ್ನವೂ ಹಾಕಿದ್ದಳು.

ವಿಮಾನ ಎತ್ತಿದರು. ಭಜನೆಯ ತಾಳ ಓಣಿ ದಾಟಿ ಹೋಯಿತು. ಹಸಿದ ಗುರುಲಿಂಗಿ ಮುಲುಗತೊಡಗಿದಳು. ಭೀಮಮ್ಮ ಬಟ್ಟಲಲ್ಲಿ ಆಕಳ ಹಾಲು ತಂದಳು. ಕೂಸು ತುಟಿ ಬಿಗಿದುಕೊಂಡು ಅಜ್ಜಿಯ ಎದೆಗೆ ಮುಖ ತೂರಿಸಿ ಹುಡುಕಿತು.

“ಅಲ್ಲೇನದ, ನನ್ನವ್ವಾ,” ಎನ್ನುತ್ತ ಭೀಮಮ್ಮ ಅದನ್ನು ಎಳೆದುಕೊಳ್ಳಲು ಬಂದಳು.

ಮಹಾದೇವಮ್ಮ ಆಕೆಯ ಕೈ ಸರಿಸಿ, ಕಾಲು ಮಡಚಿ ಕುಳಿತು, ಸೆರಗನ್ನು ಕೂಸಿನ ತಲೆಯ ಮೇಲೆ ಎಳೆದುಕೊಂಡಳು.