ಅಕ್ಕನ ಮೆನು ಕೆಳಗಿಳಿದ ದಿನ

ಬುರುಡೆ ಒಮ್ಮೆ ಸೀನಿದ್ದಕ್ಕೆ ಇಡೀ ಬೀದಿಯ ಸತ್ತ ಕಂಪ್ಯೂಟರುಗಳೆಲ್ಲ ದಡಬಡಿಸಿ ಎದ್ದು ಕೂತಿದ್ದವು. ಮೂಲೆಯಂಗಡಿಯ ಕೆಟ್ಟ ತಕ್ಕಡಿಗೂ ಜೀವ ಬಂದು, ತೂಗಲು ಏನೂ ಸಿಗದೆ ಅಂಗಡಿಯವನ ನಿಟ್ಟುಸಿರನ್ನೇ ತೂಗಿ ತೋರಿಸಿತು. ಸಾಕ್ಷಿ ಬೇಕೆಂದರೆ ಬುರುಡೆಯನ್ನೇ ಕೇಳಬೇಕು. ಬೇರೆ ಯಾರೂ ನೋಡಿದವರಿಲ್ಲ. ಮನೆಯವರು ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಅಂಥ ಮಹಾಪುರುಷ ಆ ಮಧ್ಯಾಹ್ನ ಅಕ್ಕನ ಕೋಣೆಯಲ್ಲಿ, ಅಕ್ಕನ ಕಂಪ್ಯೂಟರಿನ ಮುಂದೆ ಕೂತು ಬೆವರುತ್ತಿದ್ದ. ಬೆವರೆಂದರೆ ಸಾಮಾನ್ಯ ಬೆವರಲ್ಲ, ಅದರಲ್ಲಿ ದೋಣಿ ಬಿಡಬಹುದಿತ್ತು. ಪರದೆಯ ನೆತ್ತಿಯ ಪಟ್ಟಿ ಬೋಳಾಗಿತ್ತು. ಅಲ್ಲಿ ಇರಬೇಕಾದ ಮೆನು, ಆಜ್ಞೆಗಳ ಆ ಸಾಲು, ಇರಲಿಲ್ಲ.

"ಸಿಕ್ತೇನೋ?" ಎಂದಳು ಹಿಂದೆ ನಿಂತಿದ್ದ ಅಕ್ಕ.

"ಸಿಗದೆ ಎಲ್ಲಿ ಹೋಗುತ್ತೆ? ನನ್ನ ಹೆಸರು ಕೇಳಿದ್ರೆ ಓಡೋಡಿ ಬರುತ್ತೆ."

"ಬೆಳಗ್ಗೆಯಿಂದ ಓಡೋಡಿ ಬರ್ತಾನೇ ಇದೆ ಪಾಪ. ದಾರಿ ದೂರ ಅನ್ಸುತ್ತೆ" ಎಂದರು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ ಭಾವ. ಭಾವ ಬಸ್ಸು ಓಡಿಸುವವರು. ಅಂದು ಅವರಿಗೆ ರಜೆ, ಹಾಗಾಗಿ ಮಾತಿಗೆ ಬಿಡುವಿತ್ತು.

ಅಕ್ಕ ಶಾಲಾ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮಿಡತೆಯ ಕಾಲು, ಬೀಜದ ಸೀಳು, ಕಪ್ಪೆಯ ಹೃದಯ. ಅವಳು ಬರೆದ ಕಪ್ಪೆ ಪುಟದಿಂದ ಹಾರಿ ಮಾಸ್ತರರ ಮೂಗಿನ ಮೇಲೆ ಕೂತದ್ದನ್ನು ಬುರುಡೆ ಕಣ್ಣಾರೆ ಕಂಡಿದ್ದಾನೆ. ನರದ ಕಾಯಿಲೆಯೊಂದು ಬಂದು ಹೋದಮೇಲೆ ಅವಳ ಕೈಗಳಿಗೆ ನಡುಕ ಹಿಡಿಯಿತು. ಕೀಲಿ ಒತ್ತಿದರೆ ಒಂದೇ ಅಕ್ಷರ ಸಾಲುಗಟ್ಟಿ ಬೀಳುತ್ತದೆ. ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಕುಡಿದವನಂತೆ ಓಲಾಡುತ್ತದೆ.

ಆಗ ಆಸ್ಪತ್ರೆಯಲ್ಲಿ ಅವಳ ಕೈಗೆ ವ್ಯಾಯಾಮ ಹೇಳಿಕೊಡುತ್ತಿದ್ದಾಕೆ ಮನೆಗೆ ಬಂದು ಈ ಲಿನಕ್ಸ್ ಕಂಪ್ಯೂಟರನ್ನು ಅವಳಿಗೆ ತಕ್ಕಂತೆ ಹೊಂದಿಸಿಕೊಟ್ಟಿದ್ದಳು. ಸಾಮಾನ್ಯವಾಗಿ ಪ್ರತಿಯೊಂದು ವಿಂಡೋ ತನ್ನ ಮೆನುವನ್ನು ತನ್ನ ಹಣೆಯ ಮೇಲೆಯೇ ಹೊತ್ತುಕೊಂಡಿರುತ್ತದೆ. ಅಕ್ಕನಲ್ಲಿ ಹಾಗಲ್ಲ. ಯಾವುದನ್ನು ತೆರೆದರೂ ಅದರ ಮೆನು ಪರದೆಯ ತುತ್ತತುದಿಯ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತಿತ್ತು. ಮೌಸನ್ನು ಮೇಲಕ್ಕೆ ತಳ್ಳಿಬಿಟ್ಟರೆ ಸಾಕು, ಬಾಣ ಅಂಚಿಗೆ ಬಡಿದು ನಿಲ್ಲುತ್ತಿತ್ತು; ಅದರಾಚೆ ಹೋಗಲು ಜಾಗವೇ ಇಲ್ಲ. ನಡುಗುವವನು ಗೋಡೆಗೊರಗಿ ನಿಂತ ಹಾಗೆ. ಅಕ್ಕ ನಡುಗುತ್ತಲೇ ಗೆರೆ ಎಳೆಯುವಳು, ಮೇಲಕ್ಕೆ ತಳ್ಳುವಳು, ಮೆನುವಿನಲ್ಲಿ ಗೆರೆ ನಯ ಮಾಡುವ ಆಜ್ಞೆ ಒತ್ತುವಳು. ಗೆರೆ ಬೆಣ್ಣೆಯಂತಾಗುವುದು. ಅವಳ ಕಸುಬು ಉಳಿದದ್ದು ಆ ಅಂಚಿನ ಆಸರೆಯಿಂದ. ಇದನ್ನೆಲ್ಲ ಮಾಡಿಕೊಟ್ಟವರು ಯಾರೆಂದು ಕೇಳಿದವರಿಗೆಲ್ಲ ಬುರುಡೆ "ಇನ್ಯಾರು?" ಎಂದು ಕಾಲರ್ ಸರಿಮಾಡಿಕೊಳ್ಳುತ್ತಿದ್ದ.

ಈಗ ಚಿತ್ರ ಬರೆಯುವ ತಂತ್ರಾಂಶದ ಮೆನು ನೆತ್ತಿಯಿಂದ ಇಳಿದು ವಿಂಡೋದೊಳಗೆ ಹೋಗಿ ಕೂತಿತ್ತು, ಇರುವೆ ಸಾಲಿನಷ್ಟು ಸಣ್ಣದಾಗಿ. ಬೆಳಗಿನಿಂದ ಅಕ್ಕ ಬಾಣವನ್ನು ಅದರತ್ತ ಒಯ್ಯುತ್ತಿದ್ದಳು. ಬಾಣ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಒಂದು ಸಲ ಮುಟ್ಟಿತು ಎನ್ನುವಷ್ಟರಲ್ಲಿ ಪಕ್ಕದ ಗುಂಡಿ ಒತ್ತಿ ವಿಂಡೋವೇ ಮುಚ್ಚಿಹೋಯಿತು.

ಬೇರೆ ದಿನವಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅಂದು ಸಂಜೆ ಪ್ರಕಾಶನದ ಸಂಪಾದಕಿ ಬರುವವರಿದ್ದರು. ಚಿತ್ರಗಾರ್ತಿಯ ಕೈ ಹೋಯಿತಂತೆ ಎಂದು ಅಲ್ಲಿ ಯಾರೋ ಗಾಳಿಸುದ್ದಿ ಹಬ್ಬಿಸಿದ್ದರು. ಅದಕ್ಕೆ ಸಂಪಾದಕಿ, "ಪಕ್ಕದಲ್ಲೇ ಕೂತು ನೋಡ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಿದ್ದರು. ನೋಡಿ ಒಪ್ಪಿದರೆ ಗಿಡಗಳ ಪುಸ್ತಕ ಅಕ್ಕನದು. ಒಪ್ಪದಿದ್ದರೆ ಅದೊಂದೇ ಪುಸ್ತಕವಲ್ಲ, ಮುಂದಿನದೆಲ್ಲವೂ ಬೇರೆಯವರ ಪಾಲು.

ಬುರುಡೆ ಪಟ್ಟಿಯಿಂದ ಮೆನುವಿನ ಜಾಗವನ್ನು ಕಿತ್ತು ಮತ್ತೆ ಕೂರಿಸಿದ. ಬೋಳು. ಲಾಗೌಟ್ ಮಾಡಿ ಒಳಗೆ ಬಂದ. ಬೋಳು. ಕಡತ ತೋರಿಸುವ ತಂತ್ರಾಂಶ ತೆರೆದ. ಅದರ ಮೆನು ಮಾತ್ರ ಠೀವಿಯಿಂದ ನೆತ್ತಿಗೇರಿ ಕೂತಿತು!

"ಬಂತು!" ಎಂದಳು ಅಕ್ಕ.

"ನೋಡಿದ್ಯಾ?" ಎಂದ ಬುರುಡೆ. ಆದರೆ ಒಂದರ ಮೆನು ಮೇಲೆ ಹೋಗುತ್ತದೆ, ಇನ್ನೊಂದರದು ಹೋಗುವುದಿಲ್ಲ ಎಂದರೆ ಪಟ್ಟಿ ಸರಿಯಿದೆ. ಚಿತ್ರದ ತಂತ್ರಾಂಶದಿಂದ ಮೆನುವನ್ನು ಎತ್ತಿ ಪಟ್ಟಿಗೆ ತಲುಪಿಸುವ ಯಾವುದೋ ಸಣ್ಣ ಕೊಂಡಿ ಇಲ್ಲವಾಗಿದೆ. ಕೊಂಡಿ ತಾನಾಗಿ ಎದ್ದು ಹೋಗುವುದಿಲ್ಲ.

ಅದು ಹೋದದ್ದು ಹೇಗೆಂದು ಅವನಿಗೆ ಗೊತ್ತಿತ್ತು.

ಹಿಂದಿನ ದಿನ ಅಕ್ಕ ಕಪ್ಪೆಗೆ ಬಣ್ಣ ತುಂಬಿ, ತಂತ್ರಾಂಶವನ್ನು ಹಾಗೇ ತೆರೆದಿಟ್ಟು ಮಲಗಲು ಹೋಗಿದ್ದಳು. ಬುರುಡೆ ಕಂಪ್ಯೂಟರಿನ ಮುಂದೆ ಕೂತ. ಸಂಪಾದಕಿ ಬರುವ ಮೊದಲು ಅದನ್ನು ಮಿಂಚಿನಂತೆ ಓಡುವ ಹಾಗೆ ಮಾಡಿ, ಭೇಷ್ ಎನಿಸಿಕೊಳ್ಳಬೇಕೆಂಬ ಆಸೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅದು. ಒಳಗೆ ತಂತ್ರಾಂಶದ ಯಾವ ಯಾವ ತುಣುಕುಗಳಿವೆ ಎಂದು ಒಂದೊಂದಾಗಿ ನೋಡುತ್ತ ಹೋದ. ಹೆಸರು ಪರಿಚಯವಿದ್ದರೆ ಬಿಟ್ಟ, ಇಲ್ಲದಿದ್ದರೆ ಕಸವೆಂದು ತೆಗೆದ. ಅಟ್ಟ ಗುಡಿಸಿದಷ್ಟೇ ಸುಖವಾಗಿತ್ತು. ತೆರೆದಿದ್ದ ತಂತ್ರಾಂಶ ಏನೂ ಆಗದವರ ಹಾಗೆ ನಡೆಯುತ್ತಲೇ ಇತ್ತು. ಬೆಳಗ್ಗೆ ಅಕ್ಕ ಅದನ್ನು ಮುಚ್ಚಿ ತೆರೆದಾಗಲೇ ಬಣ್ಣ ಬಯಲಾದದ್ದು.

ತೆಗೆದವುಗಳ ಹೆಸರು ನೆನಪಿಗೆ ಬಂದರೆ ಮತ್ತೆ ಹಾಕಬಹುದಿತ್ತು. ಬರಲಿಲ್ಲ. ಎಲ್ಲವೂ ಒಂದೇ ಅಚ್ಚಿನ ಹೆಸರುಗಳು, ಬಾಲಕ್ಕೆ ಬಾಲ ಕಟ್ಟಿದಂಥವು. ಯಾವಾಗ ಏನು ತೆಗೆಯಲಾಯಿತೆಂದು ಕಂಪ್ಯೂಟರನ್ನೇ ಕೇಳಬಹುದಿತ್ತು. ಆದರೆ ಬೆನ್ನ ಹಿಂದೆ ಅಕ್ಕ, ಬಾಗಿಲಲ್ಲಿ ಭಾವ. ಕೇಳಿದರೆ ಅದು ಇಬ್ಬರ ಕಣ್ಣೆದುರೇ ಬಾಯಿ ಬಿಡುತ್ತದೆ.

"ನೀವಿಬ್ರೂ ಸ್ವಲ್ಪ ಹೊರಗಿರ್ತೀರಾ? ನನಗೆ ಏಕಾಗ್ರತೆ ಬೇಕು."

"ಯಾಕಪ್ಪಾ, ಹೆರಿಗೆ ಮಾಡಿಸ್ತಿದ್ದೀಯಾ?" ಎಂದರು ಭಾವ.

ಅಕ್ಕ ಕದಲಲಿಲ್ಲ. "ಅವ್ಳಿಗೇ ಒಂದು ಫೋನ್ ಮಾಡೋಣ್ವೇನೋ? ಇದನ್ನ ಮಾಡ್ಕೊಟ್ಟೋಳಿಗೆ."

"ಬೇಡ ಬೇಡ! ಅವಳಿಗೇನು ಗೊತ್ತು? ಇದು ಸಣ್ಣ ತೊಂದರೆ ಅಲ್ಲ ಅಕ್ಕ. ಸೂರ್ಯನಿಂದ ಕಿರಣ ಬಂದು ಬಡಿದಿದೆ. ಜಗತ್ತಿನಲ್ಲಿ ಲಕ್ಷಾಂತರ ಮೆನು ಇವತ್ತು ಬಿದ್ದುಹೋಗಿವೆ."

"ಕಿಟಕಿ ಮುಚ್ಚೇ ಇತ್ತಲ್ಲ" ಎಂದರು ಭಾವ.

ಗೋಡೆಯ ಗಡಿಯಾರದ ಮುಳ್ಳು ಸಂಜೆಯ ಕಡೆಗೆ ಕುದುರೆಯಂತೆ ಓಡುತ್ತಿತ್ತು. ಬುರುಡೆ ಏನಾದರೂ ಹೇಳಲೇಬೇಕಿತ್ತು, ಹೇಳಿಬಿಟ್ಟ: "ಅಥವಾ... ನಿನ್ನ ಕೈ ಎಲ್ಲಾದ್ರೂ ತಗುಲಿರಬಹುದು."

ಭಾವ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಅಕ್ಕ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನೋಡಿದಳು. ಹೇಳಿದ ಮಾತು ಕೇಳದ ಮಗುವನ್ನು ನೋಡುವ ಹಾಗೆ. ಎರಡೂ ಸೇರಿ ನಡುಗಿದವು.

ಬುರುಡೆಗೆ ಆ ಮಾತನ್ನು ಗಾಳಿಯಿಂದ ಹಿಡಿದು ನುಂಗಿಬಿಡಬೇಕೆನಿಸಿತು. ಆದರೆ ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಸಂಪಾದಕಿ ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು.

ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡಿದ್ದ ಹೆಂಗಸು. ಕುರ್ಚಿ ಎಳೆದು ಕಂಪ್ಯೂಟರಿನ ಪಕ್ಕ ಕೂತು ಕನ್ನಡಕ ಏರಿಸಿದರು. "ದೊಡ್ಡದೇನೂ ಬೇಡ, ಒಂದು ಎಲೆ ಬರೀರಿ. ನರಗಳ ಸಮೇತ."

ಬುರುಡೆ ಎದ್ದು ಅಕ್ಕನಿಗೆ ಜಾಗ ಬಿಟ್ಟು ಗೋಡೆಗೆ ಅಂಟಿಕೊಂಡ. ಅವನ ಕೈಕಾಲು ಎಷ್ಟು ತಣ್ಣಗಾದವೆಂದರೆ ಗೋಡೆಗೆ ಶೀತ ಹಿಡಿಯಬೇಕು.

ಅಕ್ಕ ಎಲೆಯ ಅಂಚು ಎಳೆದಳು. ಗೆರೆ ಗರಗಸದ ಹಲ್ಲಿನಂತೆ ಬಂತು. ಅದು ಯಾವಾಗಲೂ ಹಾಗೇ ಬರುವುದು; ನಯ ಮಾಡುವುದು ಆಮೇಲಿನ ಕೆಲಸ. ಅಭ್ಯಾಸಬಲದಿಂದ ಮೌಸನ್ನು ಮೇಲಕ್ಕೆ ತಳ್ಳಿದಳು. ಬಾಣ ಬೋಳು ಪಟ್ಟಿಗೆ ಹೋಗಿ ಬಡಿಯಿತು. ಕೆಳಗೆ ತಂದಳು. ಬಾಣ ಮೆನುವನ್ನು ದಾಟಿತು, ಹಿಂದೆ ಬಂತು, ಮತ್ತೆ ದಾಟಿತು. ಒತ್ತಿದಳು. ಎಲೆಯೇ ಮಾಯವಾಯಿತು.

ಸಂಪಾದಕಿ ಕನ್ನಡಕ ತೆಗೆದು ಒರೆಸತೊಡಗಿದರು. ಬೈದಿದ್ದರೂ ಅಷ್ಟು ಭಯವಾಗುತ್ತಿರಲಿಲ್ಲ.

ಅಕ್ಕ ಮೌಸ್ ಬಿಟ್ಟು ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

"ಮೇಡಂ, ನನ್ನ ಮೆನು ಯಾವಾಗ್ಲೂ ಮೇಲಿರೋದು. ಅದಿದ್ರೆ ನಾನು ಬರೀತೀನಿ. ಇವತ್ತು ಇಲ್ಲ. ಈ ಕೈಯೇ ತಿಳಿದೋ ತಿಳೀದೆಯೋ ಏನೋ ಒತ್ತಿ ಹಾಳು ಮಾಡಿದೆ. ಇವತ್ತು ಮೆನು ಹೋಯ್ತು, ನಾಳೆ ಮುಗಿದ ಪುಸ್ತಕಾನೇ ಅಳಿಸಿಬಿಟ್ರೆ? ಕೈ ಮೇಲೆ ನನಗೇ ನಂಬಿಕೆ ಇಲ್ಲ, ನಿಮಗೆ ಹೇಗೆ ಇಟ್ಕೊಳ್ಳಿ ಅನ್ನಲಿ? ಗಿಡಗಳ ಪುಸ್ತಕ ಬೇರೆಯವರಿಗೆ ಕೊಡಿ."

"ಏ, ಸುಮ್ನಿರೇ" ಎಂದರು ಭಾವ. ದನಿ ಬಿದ್ದುಹೋಗಿತ್ತು.

ಸಂಪಾದಕಿ ಚೀಲಕ್ಕೆ ಕೈ ಹಾಕಿದರು. ಎದ್ದು ನಿಲ್ಲುವವರ ಹಾಗೆ.

"ಅಕ್ಕನ ಕೈ ಅಲ್ಲ ಮೇಡಂ!" ಬುರುಡೆ ಗೋಡೆ ಬಿಟ್ಟು ಮುಂದೆ ಬಂದ. "ಅಕ್ಕನ ಕೈ ಸಾವಿರ ವರ್ಷ ನಡುಗಿದ್ರೂ, ಭೂಕಂಪಾನೇ ಆದ್ರೂ ಹಾಗಾಗಲ್ಲ! ತೆಗೀಬೇಕು ಅಂದ್ರೆ ಮೊದಲು ಪಾಸ್‌ವರ್ಡ್ ಕೇಳುತ್ತೆ. ಹಾಕಿದ ಮೇಲೂ, ಖಂಡಿತ ತೆಗೀಲಾ ಅಂತ ಇನ್ನೊಂದು ಸಲ ಕೇಳುತ್ತೆ. ಕೈ ತಗುಲಿ ಹೋಗೋ ಮಾತೇ ಇಲ್ಲ!"

ಅಕ್ಕ ಕುರ್ಚಿಯಲ್ಲೇ ಅವನತ್ತ ತಿರುಗಿದಳು.

"ಏನನ್ನ ತೆಗೀಬೇಕು ಅಂದ್ರೆ?" ಎಂದಳು ಅಕ್ಕ.

"ಅದೇ... ಸುಮ್ನೆ, ಮಾತಿಗೆ ಹೇಳ್ದೆ."

"ಬೆಳಗ್ಗೆಯಿಂದ ಏನೇನೋ ಹೇಳ್ದೆ. ಓಡಿ ಬರುತ್ತೆ ಅಂದೆ, ಸೂರ್ಯ ಅಂದೆ, ನನ್ನ ಕೈ ಅಂದೆ. ಯಾರೋ ತೆಗೆದಿದ್ದಾರೆ ಅಂತ ಒಂದು ಸಲಾನೂ ಅನ್ಲಿಲ್ಲ. ನಿನಗೆ ಹೇಗೋ ಗೊತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಕೂಡ ಯಾರಾದರೂ ಕೇಳುವವರೆಗೆ ಕಾದಿದ್ದ. ಬುರುಡೆ ಕೇಳುವ ಮೊದಲೇ ಹೆಗಲನ್ನು ಬಿಚ್ಚಿ ತೋರಿಸಿದ್ದ. ಒಳಗೆ ಹತ್ತಾರು ಸುಳ್ಳು ಸಾಲಾಗಿ ನಿಂತಿದ್ದವು, ನಾನು ಬರಲೇ, ನಾನು ಬರಲೇ ಎನ್ನುತ್ತ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಮಡಿಲಲ್ಲಿ ಅವಳ ಕೈ ನಡುಗುತ್ತಿತ್ತು.

"ನಾನೇ ತೆಗೆದೆ" ಎಂದ. "ನಿನ್ನೆ, ನೀನು ಮಲಗಿದ ಮೇಲೆ. ವೇಗ ಆಗ್ಲಿ ಅಂತ. ಮೇಡಂ ಎದುರಿಗೆ ಹೇಳ್ಕೊಳ್ಳೋಣ ಅಂತ."

"ನನ್ನ ಕೈ ಅಂದ್ಯಲ್ಲೋ."

"ಅಂದೆ."

ಅವಳು ತನ್ನ ಕೈಯನ್ನು ಮಡಿಲಿಂದ ಎತ್ತಿ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

ಸಂಪಾದಕಿ ಬುರುಡೆಯನ್ನು ಕನ್ನಡಕದ ಮೇಲಿನಿಂದ ನೋಡಿದರು. "ತೆಗೆದಿದ್ದನ್ನ ಮತ್ತೆ ಹಾಕಬಹುದಾ?"

"ಹಾಕಬಹುದು ಮೇಡಂ. ಕಂಪ್ಯೂಟರನ್ನೇ ಕೇಳಿದ್ರೆ ಹೇಳುತ್ತೆ."

"ಹಾಗಿದ್ರೆ ಹಾಕಿ, ಕೂತಿರ್ತೀನಿ. ನಾನು ನೋಡೋಕೆ ಬಂದಿರೋದು ಇವರ ಕೈನ, ನಿಮ್ಮ ಬಾಯನ್ನಲ್ಲ." ಚೀಲವನ್ನು ಕುರ್ಚಿಯ ಕೆಳಗೆ ಇಟ್ಟರು. ಭಾವ ಇನ್ನೊಂದು ಲೋಟ ಚಹಾ ತರಲು ಒಳಗೆ ಓಡಿದರು.

ಅಕ್ಕ ತನ್ನ ಕುರ್ಚಿಯನ್ನು ಸರಿಸಿ ತಮ್ಮನಿಗೆ ಜಾಗ ಮಾಡಿದಳು. ಕೀಲಿಮಣೆಯನ್ನು ಅವನ ಕಡೆಗೆ ನೂಕಿದಳು.

"ಏನೇನು ತೆಗೆದೆ?"

"ಒಂದೆರಡು, ಸಣ್ಣಪುಟ್ಟದ್ದು..."

"ನಿಜ ಹೇಳೋ."

ಬುರುಡೆ ಪರದೆಯನ್ನು ನೋಡಿದ, ಅಕ್ಕನನ್ನು ನೋಡಿದ.

"ನನಗೆ ಗೊತ್ತಿಲ್ಲದ್ದನ್ನೆಲ್ಲ ತೆಗೆದೆ ಅಕ್ಕ" ಎಂದ. "ತುಂಬಾನೇ ಇತ್ತು. ನನಗೆ ಗೊತ್ತಿರೋದೇ ಕಡಿಮೆ."